ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಣ್ಯದಿಂದ ರಾಜವಂಶದ ಚರಿತ್ರೆ ಕಟ್ಟುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಸಾತವಾಹನರ ಮತ್ತು ಪಶ್ಚಿಮದ ಕ್ಷತ್ರಪರ ನಾಣ್ಯಗಳ ಬಗ್ಗೆ ಲೇಖನ ಪ್ರಕಟವಾದ ಮೇಲೆ ಅನೇಕ ಪತ್ರಗಳು ಬಂದಿವೆ. ಒಂದೇ ವಿಷಯದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕ್ಷತ್ರಪ ದೊರೆ ನಹಪಾನನ ಬೆಳ್ಳಿ ನಾಣ್ಯಗಳ ಮೇಲೆ ಸಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಹಾಕಿಸಿದ ಎಂದು ಬರೆದಿದ್ದಿರಿ. ಅಷ್ಟರಿಂದಲೇ ಅವನು ನಹಪಾನನನ್ನು ಸೋಲಿಸಿದ ಎನ್ನಬಹುದೇ? ಹಳೆಯ ನಾಣ್ಯ ಕೈಗೆ ಸಿಕ್ಕಿತು, ಅದರ ಮೇಲೆ ಅಚ್ಚೊತ್ತಿದ ಎಂದೂ ಆಗಬಹುದಲ್ಲ? (ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಆಗಬಹುದು. ಬರೀ ನಾಣ್ಯವನ್ನೇ ಹಿಡಿದುಕೊಂಡರೆ ಯುದ್ಧ ನಡೆಯಿತು ಎನ್ನಲು ಬರುವುದಿಲ್ಲ. ನಾಣ್ಯ ಎಲ್ಲಿಯವರೆಗೆ ಮಾತಾಡುತ್ತದೆ, ಶಾಸನ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಿ.

1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲ್‌ತೆಂಬಿಯಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು 13,250 ಬೆಳ್ಳಿ ನಾಣ್ಯಗಳಿದ್ದವು. ಎಲ್ಲವೂ ಮೂಲತಃ ನಹಪಾನನವೇ. ಒಂದು ಬದಿ ಅವನ ತಲೆ, ಸುತ್ತ ಗ್ರೀಕ್ ಲಿಪಿ. ಇನ್ನೊಂದು ಬದಿ ಬಾಣ ಮತ್ತು ವಜ್ರಾಯುಧ, ಸುತ್ತ ಬ್ರಾಹ್ಮಿ ಮತ್ತು ಖರೋಷ್ಠಿಯಲ್ಲಿ 'ರಾಜ್ಞೋ ಕ್ಷಹರಾತಸ ನಹಪಾನಸ'. ಇವುಗಳಲ್ಲಿ 9,270ರಷ್ಟರ ಮೇಲೆ ಗೌತಮೀಪುತ್ರನ ಮರುಟಂಕ, ಅಂದರೆ ಹಳೆಯ ಅಚ್ಚಿನ ಮೇಲೆ ಬಡಿದ ಹೊಸ ಅಚ್ಚು, ಇದೆ. ಕಮಾನುಗಳನ್ನು ಪೇರಿಸಿದಂತಿರುವ ಬೆಟ್ಟ, ಅದರ ಕೆಳಗೆ ಅಲೆಯ ಗೆರೆ, 'ರಾಞೋ ಗೋತಮಿಪುತಸ ಸಿರಿ ಸಾತಕಣಿಸ' ಎಂಬ ಬರಹ ಒಂದು ಬದಿಗೆ, ನಾಲ್ಕು ವೃತ್ತ ಕೂಡಿದ ಉಜ್ಜಯಿನಿ ಚಿಹ್ನೆ ಇನ್ನೊಂದು ಬದಿಗೆ.

ಇದರಿಂದ ಖಚಿತವಾಗುವುದು ಎರಡು ಸಂಗತಿ. ಗೌತಮೀಪುತ್ರನ ಅಚ್ಚು ನಹಪಾನನ ಅಚ್ಚಿಗಿಂತ ಆಮೇಲಿನದು. ಹಾಗೆಯೇ ಈ ಕೆಲಸ ಟಂಕಶಾಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ, ಅಧಿಕೃತವಾಗಿ ನಡೆದಿದೆ. ನೂರಕ್ಕೆ ಎಪ್ಪತ್ತರಷ್ಟು ನಾಣ್ಯಗಳಿಗೆ ಹೊಸ ಅಚ್ಚು ಬಿದ್ದಿದೆ ಎಂದರೆ ಯಾರೋ ಅಕ್ಕಸಾಲಿಗ ಕುಳಿತು ಬಡಿದದ್ದಲ್ಲ. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮರುಟಂಕ ಬೀಳದೆ ಉಳಿದ ಮೂವತ್ತು ಭಾಗ. ನಿಧಿ ನೆಲಕ್ಕೆ ಸೇರಿದ ಹೊತ್ತಿನಲ್ಲಿ ಹಳೆಯ ರಾಜನ ನಾಣ್ಯ, ಹೊಸ ಅಚ್ಚು ಬಿದ್ದ ನಾಣ್ಯ ಎರಡೂ ಒಬ್ಬರದೇ ಕೈಯಲ್ಲಿದ್ದವು. ಅಂದರೆ ಆ ಬದಲಾವಣೆ ಇನ್ನೂ ಹೊಸದು.

ಇನ್ನು ಶಾಸನ. ನಾಸಿಕ್‌ನ ಗುಹೆಯಲ್ಲಿ ಗೌತಮೀಪುತ್ರನ 18ನೇ ಆಳ್ವಿಕೆ ವರ್ಷದ ಆಜ್ಞೆಯೊಂದಿದೆ. ಅದುವರೆಗೆ ಉಷವದಾತನ ವಶದಲ್ಲಿದ್ದ ಹೊಲವನ್ನು ಭಿಕ್ಷುಗಳಿಗೆ ಬಿಟ್ಟುಕೊಟ್ಟ ಆಜ್ಞೆ ಅದು. ಉಷವದಾತ ನಹಪಾನನ ಅಳಿಯ. ಅದೇ ಗುಹೆಯಲ್ಲಿ, ಗೌತಮೀಪುತ್ರನ ಮಗ ಪುಳುಮಾವಿಯ 19ನೇ ವರ್ಷದಲ್ಲಿ ಗೌತಮೀಪುತ್ರನ ತಾಯಿ ಬಲಶ್ರೀ ಹಾಕಿಸಿದ ಶಾಸನ ಮಗನನ್ನು ನಹಪಾನನ ಕ್ಷಹರಾತ ವಂಶವನ್ನು ನಿಶ್ಶೇಷ ಮಾಡಿದವನು ಎಂದು ಹೊಗಳುತ್ತದೆ. ಗೆಲುವಿನ ಮಾತು ಇರುವುದು ಇಲ್ಲಿ. ತಾಯಿಯ ಹೊಗಳಿಕೆಯನ್ನು ಅತಿಶಯೋಕ್ತಿ ಎಂದು ತಳ್ಳಿಹಾಕದಂತೆ ಬಲ ಕೊಡುವುದು ನಾಣ್ಯ. ನಾಣ್ಯದ ಮರುಟಂಕಕ್ಕೆ ಕಾರಣ ಹೇಳುವುದು ಶಾಸನ. ಇದಕ್ಕೆ ನಮ್ಮ ಕಡೆಯ ನಂಟೂ ಉಂಟು: 18ನೇ ವರ್ಷದ ಆಜ್ಞೆ ಹೊರಟದ್ದು ವೈಜಯಂತಿಯ ಸೇನಾ ಶಿಬಿರದಿಂದ, ಆ ವೈಜಯಂತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಬನವಾಸಿ ಎಂದು ಗುರುತಿಸುತ್ತಾರೆ.

ಪ್ರಶ್ನೆ: ಒಂದರ ಮೇಲೊಂದು ಅಚ್ಚು ಬಿದ್ದಾಗ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯುವುದು ಹೇಗೆ? (ನಾಣ್ಯ ಸಂಗ್ರಾಹಕರು, ಮೈಸೂರು)

ನೇರ ಬೆಳಕಿನಲ್ಲಿ ತಿಳಿಯುವುದಿಲ್ಲ. ಕೋಣೆಯ ದೀಪ ಆರಿಸಿ, ಒಂದೇ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಹತ್ತಿರ ಇಳಿಸಿ, ಪಕ್ಕದಿಂದ ಬೆಳಕು ಬಿಡಿ. ನಾಣ್ಯವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ನಾಲ್ಕು ಫೋಟೊ ತೆಗೆಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು.

ನೋಡಬೇಕಾದದ್ದು ಎರಡು ಚಿತ್ರಗಳ ಗೆರೆಗಳು ಸೇರುವ ಜಾಗ. ಆಮೇಲಿನ ಅಚ್ಚಿನ ಗೆರೆ ಮುರಿಯದೆ ಒಂದೇ ಓಟದಲ್ಲಿ ಹೋಗುತ್ತದೆ. ಮೊದಲಿನದು ಅದು ಅಡ್ಡ ಬಂದ ಕಡೆ ತುಂಡಾಗಿರುತ್ತದೆ, ಇಲ್ಲವೇ ಚಪ್ಪಟೆಯಾಗಿರುತ್ತದೆ. ಜೋಗಲ್‌ತೆಂಬಿಯ ನಾಣ್ಯಗಳಲ್ಲಿ ನಹಪಾನನ ಮೂಗು, ತುಟಿ ಹಾಗೇ ಉಳಿದು, ಕೆನ್ನೆಯ ಉಬ್ಬಿನ ಮೇಲೆ ಬೆಟ್ಟದ ಕಮಾನು ಕೂತಿರುವುದನ್ನು ಕಾಣಬಹುದು. ಅಚ್ಚಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ; ಹಳೆಯ ಬರಹ ಹೆಚ್ಚಾಗಿ ಉಳಿಯುವುದು ಅಂಚಿನಲ್ಲಿ. ಹಾಗಾಗಿ ಮೊದಲು ಅಂಚನ್ನು ಸುತ್ತ ಓದಿ, ಆಮೇಲೆ ನಡುವಿಗೆ ಬನ್ನಿ.

ಎಡವುವುದು ಇಲ್ಲಿ: ಒಂದೇ ಅಚ್ಚನ್ನು ಎರಡು ಸಲ ಬಡಿದಾಗ ನಾಣ್ಯ ಜರುಗಿದ್ದರೆ ಅದೂ ಮರುಟಂಕದ ಹಾಗೇ ಕಾಣುತ್ತದೆ. ಎರಡೂ ಚಿತ್ರ ಒಂದೇ ಬಗೆಯವು, ಸ್ವಲ್ಪ ಓರೆಯಾಗಿ ಮಾತ್ರ ಬಿದ್ದಿವೆ ಎಂದಾದರೆ ಅದು ಕಮ್ಮಟದವನ ಕೈತಪ್ಪು, ಚರಿತ್ರೆಯ ಸಾಕ್ಷ್ಯವಲ್ಲ. ಬೇರೆ ರಾಜನ ಅಚ್ಚು ಎನ್ನಲು ಕೆಳಗಿನ ಪದರದ ಒಂದಾದರೂ ಅಕ್ಷರ ಅಥವಾ ಚಿಹ್ನೆಯನ್ನು ನೀವು ಬೆರಳಿಟ್ಟು ತೋರಿಸಬೇಕು.

ಈ ವಿಧಾನದ ಬಲ ತಿಳಿಯಲು ಕೊಲ್ಲಾಪುರದ 'ಕುರ' ರಾಜರನ್ನು ನೋಡಿ. ಬಿಲ್ಲು ಬಾಣದ ಗುರುತಿನ ಸೀಸದ ನಾಣ್ಯಗಳಲ್ಲಿ ವಾಸಿಠಿಪುತ ವಿಳಿವಾಯಕುರ, ಮಾಢರಿಪುತ ಸಿವಲಕುರ, ಗೋತಮಿಪುತ ವಿಳಿವಾಯಕುರ ಎಂಬ ಮೂರು ಹೆಸರುಗಳಿವೆ. ವರ್ಷ ಬರೆದಿಲ್ಲ, ತಂದೆಯ ಹೆಸರಿಲ್ಲ. ಆದರೆ ಸಿವಲಕುರನ ಅಚ್ಚು ವಾಸಿಠಿಪುತನ ನಾಣ್ಯದ ಮೇಲೆ ಬಿದ್ದಿದೆ, ಗೋತಮಿಪುತನ ಅಚ್ಚು ಆ ಇಬ್ಬರ ನಾಣ್ಯಗಳ ಮೇಲೂ ಬಿದ್ದಿದೆ. ಮೂವರ ಅನುಕ್ರಮ ಅಲ್ಲಿಗೆ ತೀರ್ಮಾನ. ಅವರು ಅಪ್ಪ ಮಕ್ಕಳೋ, ಅಣ್ಣ ತಮ್ಮಂದಿರೋ, ಒಬ್ಬರನ್ನೊಬ್ಬರು ತಳ್ಳಿ ಬಂದವರೋ ಎಂಬುದು ಮಾತ್ರ ಈ ವಿಧಾನದಿಂದ ತಿಳಿಯುವುದಿಲ್ಲ.

ಪ್ರಶ್ನೆ: ಸಾತವಾಹನರ ಕಾಲಗಣನೆಯಲ್ಲಿ ಇಷ್ಟೊಂದು ಜಗಳವಿದೆ, ಕ್ಷತ್ರಪರ ವಂಶಾವಳಿ ಮಾತ್ರ ಗಡಿಯಾರದಷ್ಟು ಸ್ಪಷ್ಟ ಎನ್ನುತ್ತೀರಿ. ಏಕೆ? (ಪ್ರೌಢಶಾಲಾ ಶಿಕ್ಷಕರು, ಕಲಬುರಗಿ)

ಉಜ್ಜಯಿನಿ, ಗುಜರಾತು, ಸೌರಾಷ್ಟ್ರಗಳನ್ನು ಆಳಿದ ಚಷ್ಟನನ ವಂಶದ ಕ್ಷತ್ರಪರು ನಾಣ್ಯದ ಮೇಲೆ ಮೂರು ವಿಷಯ ಬರೆಸಿದರು: ತಮ್ಮ ಹೆಸರು ಮತ್ತು ಪದವಿ, ತಂದೆಯ ಹೆಸರು ಮತ್ತು ಪದವಿ, ಹಾಗೂ ಸುಮಾರು ಶಕ 100ರಿಂದ ಮುಂದೆ, ಟಂಕಿಸಿದ ವರ್ಷ. ಸುಮಾರು 2 ಗ್ರಾಂ ತೂಗುವ, ಉಗುರಿನಷ್ಟು ಅಗಲದ ಬೆಳ್ಳಿ ಬಿಲ್ಲೆಯಲ್ಲಿ ಇಷ್ಟನ್ನು ಅಡಕಿಸಿದ ರಾಜರು ಪ್ರಾಚೀನ ಭಾರತದಲ್ಲಿ ಬಹಳ ವಿರಳ. ನಹಪಾನನ ನಾಣ್ಯದಲ್ಲಿ ಕಾಲವೂ ಇಲ್ಲ, ತಂದೆಯೂ ಇಲ್ಲ. ಅವನ ಕಾಲದ ಬಗ್ಗೆ ವಾದ ಇನ್ನೂ ನಿಂತಿಲ್ಲದಿರುವುದಕ್ಕೆ ಇದೇ ಕಾರಣ.

ಓದುವ ಕ್ರಮ ಹೀಗೆ. ಮುಖಬದಿಯಲ್ಲಿ, ರಾಜನ ತಲೆಯ ಹಿಂದೆ ಬ್ರಾಹ್ಮಿ ಅಂಕಿಗಳಿವೆ. ಆಗ ಸ್ಥಾನಬೆಲೆಯ ಪದ್ಧತಿ ಇರಲಿಲ್ಲ; ನೂರಕ್ಕೊಂದು, ನಲವತ್ತಕ್ಕೊಂದು, ನಾಲ್ಕಕ್ಕೊಂದು ಪ್ರತ್ಯೇಕ ಗುರುತು, ಮೂರನ್ನೂ ಕೂಡಿಸಬೇಕು. 100, 40, 4 ಎಂದಿದ್ದರೆ 144. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 222. ನೂರರ ಗುರುತಿಗೆ ಪಕ್ಕದಲ್ಲಿ ಒಂದು ಗೀಟು ಸೇರಿದರೆ 200, ಎರಡು ಸೇರಿದರೆ 300. ಆ ಗೀಟು ಸವೆದುಹೋಗಿದ್ದರೆ ನಿಮ್ಮ ಲೆಕ್ಕ ನೂರು ವರ್ಷ ಹಿಂದೆ ಹೋಗುತ್ತದೆ. ಆದ್ದರಿಂದ ವರ್ಷವನ್ನು ಒಂಟಿಯಾಗಿ ನಂಬದೆ ಹಿಂಬದಿಯ ರಾಜನ ಹೆಸರಿನೊಂದಿಗೆ ತಾಳೆ ನೋಡಬೇಕು.

ಹಿಂಬದಿಯ ಬರಹ ವೃತ್ತಾಕಾರ. 'ರಾಜ್ಞೋ' ಎಂಬುದು ಎರಡು ಸಲ ಬರುತ್ತದೆ, ಮೊದಲು ಆ ಎರಡನ್ನು ಹುಡುಕಿ. ಮೊದಲ 'ರಾಜ್ಞೋ' ನಂತರ ಬರುವುದು ತಂದೆ, 'ಪುತ್ರಸ' ಆದಮೇಲೆ ಬರುವುದು ನಾಣ್ಯ ಹೊರಡಿಸಿದವನು. ಹೊಸಬರು ಮೊದಲ ಹೆಸರನ್ನೇ ರಾಜನೆಂದು ಬರೆದುಕೊಂಡು ಇಡೀ ಒಂದು ತಲೆಮಾರು ಹಿಂದಕ್ಕೆ ಸರಿಯುತ್ತಾರೆ. 'ರಾಜ್ಞೋ ಮಹಾಕ್ಷತ್ರಪಸ ರುದ್ರಸೀಹಸ ಪುತ್ರಸ ರಾಜ್ಞೋ ಮಹಾಕ್ಷತ್ರಪಸ ರುದ್ರಸೇನಸ' ಎಂದಿದ್ದರೆ ಅದು ರುದ್ರಸಿಂಹನ ನಾಣ್ಯವಲ್ಲ, ಅವನ ಮಗ ರುದ್ರಸೇನನದು.

ಇಷ್ಟನ್ನು ಸಾಲಾಗಿ ಜೋಡಿಸಿದಾಗ ಯಾವ ಶಾಸನವೂ ಹೇಳದ ಒಂದು ಪದ್ಧತಿ ಎದ್ದು ಕಾಣುತ್ತದೆ. ಮೊದಲನೆಯ ರುದ್ರಸಿಂಹನ ಮಕ್ಕಳಾದ ರುದ್ರಸೇನ, ಸಂಘದಾಮ, ದಾಮಸೇನ ಮೂವರೂ ಒಬ್ಬರಾದ ಮೇಲೊಬ್ಬರು ಮಹಾಕ್ಷತ್ರಪರಾದರು. ರುದ್ರಸೇನನಿಂದ ಸಂಘದಾಮನಿಗೆ ಅಧಿಕಾರ ಹೋದದ್ದು ಶಕ 144ರಲ್ಲಿ, ಸಂಘದಾಮನಿಂದ ದಾಮಸೇನನಿಗೆ 145ರಲ್ಲಿ. ಮುಂದೆ ದಾಮಸೇನನ ಮಕ್ಕಳಾದ ಯಶೋದಾಮ, ವಿಜಯಸೇನ, ದಾಮಜದಶ್ರೀ ಕೂಡ ಹಾಗೆಯೇ. ಪಟ್ಟ ಅಪ್ಪನಿಂದ ಮಗನಿಗಲ್ಲ, ಅಣ್ಣನಿಂದ ತಮ್ಮನಿಗೆ ಹೋಗುತ್ತಿತ್ತು; ಆ ತಲೆಮಾರು ಮುಗಿದ ಮೇಲೆಯೇ ಮುಂದಿನದು. 'ಕ್ಷತ್ರಪ' ಎಂದರೆ ಕಿರಿಯ ಅಧಿಕಾರಿ, 'ಮಹಾಕ್ಷತ್ರಪ' ಎಂದರೆ ಹಿರಿಯ ಎಂಬುದೂ ಇದೇ ನಾಣ್ಯಗಳಿಂದ ಗೊತ್ತಾಗುತ್ತದೆ, ಏಕೆಂದರೆ ಒಂದೇ ವರ್ಷದಲ್ಲಿ ಇಬ್ಬರ ಹೆಸರಿನಲ್ಲೂ ನಾಣ್ಯ ಹೊರಟಿವೆ. ಪ್ರಾಚೀನ ಭಾರತದ ರಾಜಕೀಯದ ಬಗ್ಗೆ ಬರೀ ನಾಣ್ಯದಿಂದ ದಕ್ಕಿದ ತಿಳಿವಳಿಕೆಯಲ್ಲಿ ಇದಕ್ಕೆ ಸಾಟಿಯಾದದ್ದು ಕಡಿಮೆ ಎಂದು ನಮ್ಮ ಅಭಿಪ್ರಾಯ.

ಆದರೆ ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ನೋಡಿ. ಕೊನೆಯ ಕ್ಷತ್ರಪ ಮೂರನೆಯ ರುದ್ರಸಿಂಹನ ನಾಣ್ಯದಲ್ಲಿ 300 ಮತ್ತು 10 ಕಾಣುತ್ತವೆ. ಬಿಡಿ ಸ್ಥಾನದಲ್ಲಿ ಅಂಕಿ ಇತ್ತೇ, ಇದ್ದರೆ ಯಾವುದು ಎಂಬುದು ಬಿಲ್ಲೆಯ ಆಚೆಗೇ ಉಳಿದಿದೆ. ಹೀಗಾಗಿ ಅದು ಕ್ರಿ.ಶ. 388ರಿಂದ 397ರೊಳಗೆ ಯಾವ ವರ್ಷವೂ ಆಗಬಹುದು. ಅವನ ನಂತರ ಅದೇ ಮಾದರಿಯಲ್ಲಿ, ಹಿಂಬದಿಯ ಬೆಟ್ಟದ ಬದಲು ಗರುಡನನ್ನಿಟ್ಟು ಬೆಳ್ಳಿ ನಾಣ್ಯ ಹೊರಡಿಸಿದವನು ಎರಡನೆಯ ಚಂದ್ರಗುಪ್ತ. ಅವುಗಳಲ್ಲಿ ಸಿಗುವ ವರ್ಷ ಗುಪ್ತ ಸಂವತ್ಸರ 90ರ ಸುಮಾರಿನದು, ಅಂದರೆ 409ರ ಆಸುಪಾಸು. ಗುಪ್ತರು ಗುಜರಾತನ್ನು ಗೆದ್ದದ್ದು ಈ ನಡುವೆ ಎಂದಷ್ಟೇ ಹೇಳಲು ಸಾಧ್ಯ.

ಪ್ರಶ್ನೆ: ಪುರಾಣಗಳ ರಾಜರ ಪಟ್ಟಿ ಇರುವಾಗ ನಾಣ್ಯ ಏಕೆ ಬೇಕು? (ಓದುಗರು, ಶಿವಮೊಗ್ಗ)

ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಸಾತವಾಹನ ರಾಜರು ಮೂವತ್ತು ಎಂದು ಒಂದು ಕಡೆ, ಹತ್ತೊಂಬತ್ತು ಎಂದು ಇನ್ನೊಂದು ಕಡೆ. 1939ರಲ್ಲಿ ವಿದರ್ಭದ ತರ್ಹಾಳದಲ್ಲಿ ಸಿಕ್ಕ ಪೋಟಿನ್ ನಾಣ್ಯಗಳಲ್ಲಿ (ತಾಮ್ರಕ್ಕೆ ತವರ, ಸೀಸ ಬೆರೆಸಿದ ಲೋಹ ಅದು) ಕುಂಭ ಶಾತಕರ್ಣಿ, ಕರ್ಣ ಶಾತಕರ್ಣಿ, ಶಕ ಶಾತಕರ್ಣಿ ಎಂಬ ಹೆಸರುಗಳಿದ್ದವು. ಯಾವ ಪುರಾಣದಲ್ಲೂ ಇವರಿಲ್ಲ. ತಿರುಗಿ, ಪುರಾಣ ಹೇಳುವ ಮೊದಲ ರಾಜ ಸಿಮುಕನ ನಾಣ್ಯಗಳು ತೆಲಂಗಾಣದ ಕೋಟಿಲಿಂಗಾಲದಲ್ಲಿ ಸಿಕ್ಕಿ, ಆ ಹೆಸರಿನ ದೊರೆ ನಿಜವಾಗಿ ಇದ್ದ ಎಂಬುದಕ್ಕೆ ಆಧಾರ ಸಿಕ್ಕಿತು.

ಪ್ರಶ್ನೆ: ಚಂದ್ರವಳ್ಳಿಯಲ್ಲಿ ಸೀಸದ ನಾಣ್ಯ, ರೋಮನ್ ನಾಣ್ಯ ಎರಡೂ ಸಿಕ್ಕಿವೆ. ಹಾಗಾದರೆ ಇಲ್ಲಿ ಸಾತವಾಹನರು ನೇರವಾಗಿ ಆಳುತ್ತಿದ್ದರೇ? (ಓದುಗರು, ಚಿತ್ರದುರ್ಗ)

ಚಿತ್ರದುರ್ಗದ ಭಾಗದ ಸೀಸದ ನಾಣ್ಯಗಳಲ್ಲಿ ಡುಬ್ಬದ ಗೂಳಿಯ ಚಿತ್ರದೊಂದಿಗೆ 'ಸದಕಣ ಕಳಲಾಯ ಮಹಾರಠಿಸ' ಎಂಬ ಬರಹವಿದೆ. ಮಹಾರಠಿ ಎಂಬ ಪದವಿ ಪಶ್ಚಿಮ ಘಟ್ಟದ ಗುಹಾಶಾಸನಗಳಲ್ಲಿ ಸಾತವಾಹನರ ಜೊತೆ ಕಾಣಿಸಿಕೊಳ್ಳುವ ದೊಡ್ಡ ಮನೆತನಗಳದು. ಇಲ್ಲಿ ಅಂಥವನೊಬ್ಬ ತನ್ನದೇ ಹೆಸರಿನಲ್ಲಿ ನಾಣ್ಯ ಹೊರಡಿಸಿದ್ದಾನೆ. ಅಂದರೆ ಸಾತವಾಹನರ ಕಾಲದ ರಾಜಕೀಯ ನಕ್ಷೆಗೆ ಒಂದೇ ಬಣ್ಣ ಬಳಿಯಬಾರದು. ಕಾರವಾರದ ಕಡೆ ಸಿಕ್ಕ ದೊಡ್ಡ ಸೀಸದ ನಾಣ್ಯಗಳಲ್ಲಿ 'ರಾಞೋ ಚುಟುಕುಲಾನಂದಸ', 'ರಾಞೋ ಮುಳಾನಂದಸ' ಎಂದಿದೆ. ಬನವಾಸಿಯ ಚುಟುಗಳು ತಮ್ಮನ್ನು ನೇರವಾಗಿ ರಾಜರೆಂದೇ ಕರೆದುಕೊಂಡರು. ಮಹಾರಠಿಗೂ ರಾಞೋ ಎಂಬುದಕ್ಕೂ ಇರುವ ದೂರವೇ ಇಲ್ಲಿ ಚರಿತ್ರೆ.

ಅಗಸ್ಟಸ್, ಟೈಬೀರಿಯಸ್ ಅವರ ರೋಮನ್ ಬೆಳ್ಳಿ ನಾಣ್ಯಗಳು ವ್ಯಾಪಾರದಿಂದ ಬಂದವು. ಅವುಗಳ ಪ್ರಯೋಜನ ಬೇರೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಸಿಕ್ಕ ಮಣ್ಣಿನ ಪದರ 14ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆದರೆ 37ಕ್ಕೇ ಮುಗಿಯಿತು ಎಂದೂ ಅಲ್ಲ: ಒಳ್ಳೆಯ ಬೆಳ್ಳಿ ದಶಕಗಟ್ಟಲೆ ಕೈ ಬದಲಾಯಿಸುತ್ತಿತ್ತು. ಒಂದು ತುದಿಯನ್ನು ಮಾತ್ರ ಬಿಗಿಯುವ ಸಾಕ್ಷ್ಯವಿದು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದಾಗ ಪದರ ಪದರವಾಗಿ ದಾಖಲಿಸಿದ್ದರಿಂದಲೇ ಇಂಥ ಮಾತು ಆಡಲು ಸಾಧ್ಯವಾಗಿದೆ.

ಒಂದು ಮಾತು ಸೇರಿಸಬೇಕು. ಯಾರ ಆಳ್ವಿಕೆ ಎಲ್ಲಿಯವರೆಗೆ ಎಂದು ಗುರುತಿಸಲು ಬೆಳ್ಳಿಗಿಂತ ಸೀಸವೇ ಮೇಲು. ಬೆಳ್ಳಿ ನೂರಾರು ಮೈಲಿ ದಾಟುತ್ತದೆ. ಸೀಸದ ಚಿಲ್ಲರೆಗೆ ಊರಾಚೆ ಬೆಲೆ ಇಲ್ಲ, ಅದು ಓಡಾಡಿದ ಜಾಗದಲ್ಲೇ ಕಳೆದುಹೋಗಿ ಮಣ್ಣು ಸೇರುತ್ತದೆ.

ಪ್ರಶ್ನೆ: ಸಾತವಾಹನರ ಬೆಳ್ಳಿ ನಾಣ್ಯದ ಮೇಲೆ ಕನ್ನಡವಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವೇ? (ಓದುಗರು, ಬೆಳಗಾವಿ)

ಹಾಗೆ ಹೇಳಲು ಆಗದು. ರಾಜನ ಮುಖವಿರುವ ಬೆಳ್ಳಿ ನಾಣ್ಯಗಳಲ್ಲಿ ಒಂದು ಬದಿ ಪ್ರಾಕೃತ, ಇನ್ನೊಂದು ಬದಿ ದ್ರಾವಿಡ ಭಾಷೆಯೊಂದು ಇದೆ, ಲಿಪಿ ಎರಡೂ ಕಡೆ ಬ್ರಾಹ್ಮಿಯೇ: 'ಅರಹಣಕು ವಾಸಿಠಿ ಮಾಕಣಕು ತಿರು ಪುಳುಮಾವಿಕು'. ಇದನ್ನು ತಮಿಳೆನ್ನುವವರೂ ಇದ್ದಾರೆ, ತೆಲುಗಿಗೆ ಹತ್ತಿರವೆನ್ನುವವರೂ ಇದ್ದಾರೆ. 'ಮಾಕಣ' ನಮ್ಮ ಮಗನನ್ನು ನೆನಪಿಸಿದರೂ ಆ ಮಾತು ತಮಿಳಿನಲ್ಲೂ ಇದೆ, ಅದೊಂದರಿಂದ ತೀರ್ಪು ಕೊಡಲಾಗದು. ಪ್ರಾಕೃತದಲ್ಲಿ ಆಡಳಿತ ನಡೆಸಿದ ದೊರೆಗಳು ಪ್ರಜೆಗಳ ಮಾತಿಗೂ ನಾಣ್ಯದಲ್ಲಿ ಅರ್ಧ ಜಾಗ ಕೊಟ್ಟರು ಎಂಬುದು ಮಾತ್ರ ಸಂದೇಹವಿಲ್ಲದ ಸಂಗತಿ.

ಪ್ರಶ್ನೆ: ನಮ್ಮ ತಾತನ ಪೆಟ್ಟಿಗೆಯಲ್ಲಿ ಬಿಳಿ ಪುಡಿ ಕಟ್ಟಿದ ಸೀಸದ ನಾಣ್ಯಗಳಿವೆ. ಹುಣಸೆಹಣ್ಣಿನಿಂದ ತಿಕ್ಕಬಹುದೇ? (ಗೃಹಿಣಿ, ತುಮಕೂರು)

ದಯವಿಟ್ಟು ಬೇಡ. ಹುಣಸೆ, ನಿಂಬೆ, ವಿನಿಗರ್, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಆ ಬಿಳಿ ಪುಡಿ ಸೀಸದ ಕಾರ್ಬೊನೇಟ್. ನಾಣ್ಯದ ಮೇಲ್ಮೈಯೇ ಪುಡಿಯಾಗಿ ಬದಲಾಗಿದೆ, ಅದನ್ನು ತಿಕ್ಕಿದರೆ ಅಕ್ಷರವೂ ಅದರ ಜೊತೆ ಹೋಗುತ್ತದೆ. ಕಾರಣ ಹೆಚ್ಚಾಗಿ ಪೆಟ್ಟಿಗೆಯೇ: ಮರದಿಂದ, ಅಗ್ಗದ ರಟ್ಟಿನಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಮೊದಲು ಅವನ್ನು ಮರದ ಪೆಟ್ಟಿಗೆಯಿಂದ ತೆಗೆದು, ಗಾಳಿಯಾಡದ ಪಾಲಿಪ್ರೊಪಿಲಿನ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದೊಂದನ್ನೂ ಬೇರೆಯಾಗಿಡಿ. ಮೆತ್ತನೆಯ ಪಿವಿಸಿ ಲಕೋಟೆ ಬೇಡ. ಮುಟ್ಟುವಾಗ ಕೈಗವಸು ಹಾಕಿ, ಪುಡಿಯನ್ನು ಊದಬೇಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳಿಗೆ ಕೊಡಬೇಡಿ. ಸೀಸ ವಿಷ. ಉಳಿದದ್ದನ್ನು ಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ಬಿಡಿ.

ಪ್ರಶ್ನೆ: ಹೊಲ ಉಳುವಾಗ ಗಡಿಗೆಯಲ್ಲಿ ನಾಣ್ಯ ಸಿಕ್ಕರೆ ಏನು ಮಾಡಬೇಕು? (ರೈತರು, ಯಾದಗಿರಿ ಜಿಲ್ಲೆ)

ನೇಗಿಲು ನಿಲ್ಲಿಸಿ, ಗಡಿಗೆಯನ್ನು ಇದ್ದ ಹಾಗೆ ಬಿಡಿ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿಯೋ ಕುಡುಗೋಲೋ ಇರಲಿ. ಎಷ್ಟು ಆಳ, ಯಾವ ಸರ್ವೆ ನಂಬರ್, ಯಾವ ದಿನ ಎಂದು ಬರೆದಿಡಿ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಹಶೀಲ್ದಾರ್ ಕಚೇರಿಯ ಮೂಲಕ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಚ್ಚಿಟ್ಟರೆ ಅಪರಾಧ.

ಒಡೆದ ಗಡಿಗೆಯ ಚೂರುಗಳನ್ನೂ ಎಸೆಯಬೇಡಿ, ಅವುಗಳಿಂದಲೂ ಕಾಲ ತಿಳಿಯುತ್ತದೆ. ಊರವರು ತಲಾ ಹತ್ತರಂತೆ ಹಂಚಿಕೊಂಡರೆ ನಿಧಿಯ ಸಾಕ್ಷ್ಯ ಅಲ್ಲಿಗೇ ಮುಗಿಯಿತು. ಜೋಗಲ್‌ತೆಂಬಿಯಿಂದ ಒಂದೇ ನಾಣ್ಯ ನಮಗೆ ಸಿಕ್ಕಿದ್ದರೆ ಮರುಟಂಕವೊಂದು ಕಾಣುತ್ತಿತ್ತು, ಅಷ್ಟೇ. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ದಕ್ಕಿದ್ದು ಇಡೀ ರಾಶಿಯನ್ನು ಒಟ್ಟಿಗೆ ಎಣಿಸಿದ್ದರಿಂದ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕ್ಷತ್ರಪ ಬೆಳ್ಳಿ ನಾಣ್ಯಗಳು ಮಾರಾಟಕ್ಕಿವೆ. ಅಸಲಿಯೋ ನಕಲಿಯೋ ನೋಡುವುದು ಹೇಗೆ? ಊರಿನಿಂದ ತರಿಸಿಕೊಳ್ಳಬಹುದೇ? (ಕನ್ನಡಿಗರು, ಸಿಂಗಪುರ)

ಎರಡನೆಯದಕ್ಕೆ ಮೊದಲು ಉತ್ತರ: ತರಿಸಿಕೊಳ್ಳುವಂತಿಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವುದು ನಿಷಿದ್ಧ.

ಪರೀಕ್ಷೆಗೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ತೂಕ 2 ಗ್ರಾಂನ ಆಸುಪಾಸಿನಲ್ಲಿರಬೇಕು; ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಆದರೆ ಸವೆತವೇ ಕಾಣದೆ ತೂಕ ತೀರಾ ಕಡಿಮೆಯಿದ್ದರೆ ಸಂಶಯಪಡಿ. ಅಂಚಿನ ಸುತ್ತ ಸಣ್ಣ ಏಣು ಓಡಿದ್ದರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ, ಅಕ್ಷರಗಳ ಬದಿ ಕರಗಿದಂತಿದ್ದರೆ ಅದು ಎರಕ ಹೊಯ್ದದ್ದು. ಅಸಲಿಯನ್ನು ಅಚ್ಚಿನಿಂದ ಬಡಿದಿರುತ್ತಾರೆ, ಅದರ ಅಂಚು ಅಲ್ಲಲ್ಲಿ ಸೀಳಿರುತ್ತದೆ. ಒಬ್ಬನೇ ಮಾರಾಟಗಾರನ ಎರಡು ನಾಣ್ಯಗಳಲ್ಲಿ ಸೀಳು, ಗೀರು, ಸವೆತ ಒಂದೇ ಜಾಗದಲ್ಲಿದ್ದರೆ ಎರಡೂ ನಕಲಿ: ಅಚ್ಚು ಒಂದೇ ಆಗಿರಬಹುದು, ಗೀರು ಒಂದೇ ಆಗಿರಲಾರದು. ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಲೋಹ ಅಳೆಯುವ) ಯಂತ್ರದ ಬೆಳ್ಳಿ ಪ್ರಮಾಣಪತ್ರ ತೋರಿಸಿದರೆ ಅದನ್ನೇ ನೆಚ್ಚಬೇಡಿ. ಅದು ಮೇಲಿನ ತೆಳು ಪದರವನ್ನಷ್ಟೇ ಅಳೆಯುತ್ತದೆ. ಮಣ್ಣಿನಲ್ಲಿದ್ದ ಬೆಳ್ಳಿಯ ಮೇಲ್ಪದರದಿಂದ ತಾಮ್ರ ಹೊರಟುಹೋಗಿ ಬೆಳ್ಳಿ ಹೆಚ್ಚಿದೆ ಎಂದು ಕಾಣುತ್ತದೆ, ನಕಲಿಗೂ ಒಳ್ಳೆಯ ಬೆಳ್ಳಿ ಬಳಸುವವರಿದ್ದಾರೆ.

ಸಿಕ್ಕ ಸ್ಥಳ ಯಾವುದೆಂದು ಮಾರಾಟಗಾರನಿಗೆ ಹೇಳಲಾಗದಿದ್ದರೆ ಕೊಳ್ಳದಿರುವುದೇ ಒಳ್ಳೆಯದು. ಈಗಾಗಲೇ ಕೈಯಲ್ಲಿದ್ದರೆ ಎರಡೂ ಬದಿಯ ಫೋಟೊ, ತೂಕ, ವ್ಯಾಸ ಬರೆದಿಡಿ. ಜೊತೆಗೆ ಮುಖಬದಿಯನ್ನು ನೆಟ್ಟಗೆ ಹಿಡಿದು ನಾಣ್ಯವನ್ನು ಪುಟದಂತೆ ಮಗುಚಿದಾಗ ಹಿಂಬದಿಯ ಬೆಟ್ಟದ ತುದಿ ಗಡಿಯಾರದ ಎಷ್ಟು ಗಂಟೆಯ ಕಡೆಗಿದೆ ಎಂಬುದನ್ನೂ ಗುರುತು ಮಾಡಿ. ಸಿಕ್ಕ ಸ್ಥಳ ಗೊತ್ತಿಲ್ಲದ ನಾಣ್ಯವೂ ಇಷ್ಟು ವಿವರವಿದ್ದರೆ ಅಚ್ಚುಗಳನ್ನು ಹೋಲಿಸಿ ನೋಡುವವರಿಗೆ ಉಪಯೋಗಕ್ಕೆ ಬರುತ್ತದೆ.